ಒಂದು ಸೈಜು ದೊಡ್ಡ ರೈಫಲ್

ಪರಮಪೂಜ್ಯ, ಬಟ್ಟೆ ಅಂಗಡಿಯ ಗಾದಿಯ ಮಾಜಿ ಅಧಿಪತಿ, ನನ್ನ ಏಕಮೇವ ಸೋದರಮಾವನಾದ ಮಾಮಾನ ಸನ್ನಿಧಾನಕ್ಕೆ,

ಪುಣೆಯ ಕೋಥರೂಡದಿಂದ ನಿನ್ನ ಸೋದರಸೊಸೆ ಗಿಡ್ಡಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಸಾಷ್ಟಾಂಗ ಬಿದ್ದರೂ ಒಂದು ಫರಸಿ ಕಲ್ಲಿನಷ್ಟು ಜಾಗವೂ ತುಂಬುವುದಿಲ್ಲ ಎಂದು ನೀನು ಅಲ್ಲಿಂದಲೇ ನಗುತ್ತಿರುತ್ತೀ. ನಗು. ಆದರೆ ಇದು ಗಂಭೀರವಾದ ಪತ್ರ. ವಿಷಯ ಇಷ್ಟೇ: ನೀನು ಪ್ರೀತಿಯಿಂದ ಕೊಡಿಸಿದ ರೈಫಲಿಗೆ ನಾನು ಗರಗಸ ಹಾಕಿಸಿದ್ದೇನೆ. ಕೈಯಲ್ಲಿ ಗಜಕಡ್ಡಿ ಇದ್ದರೆ ಕೆಳಗಿಡು. ಪೂರ್ತಿ ಓದಿದ ಮೇಲೆ ಬೈಯುವಿಯಂತೆ.

ಶಾಲೆಗೆ ನನ್ನನ್ನು ಹಚ್ಚಿದಾಗ ನೀನು ಹೊಲಿಸಿಕೊಟ್ಟ ಯುನಿಫಾರ್ಮ್ ನೆನಪಿದೆಯಾ? ನಿನ್ನದೇ ಅಂಗಡಿ, ನಿನ್ನದೇ ಅಳತೆ ಟೇಪು, ಸ್ವಂತ ಅಕ್ಕನ ಮಗಳು. ಆದರೂ ಸ್ಕರ್ಟು ಕಣಕಾಲಿಗೆ ಬಡಿಯುತ್ತಿತ್ತು. ಅವ್ವ ಕತ್ತರಿ ಹಿಡಿದು ಬಂದರೆ ನೀನು ಅಡ್ಡ ನಿಂತೆ. "ಅಕ್ಕಾ, ಹೆಚ್ಚಿದ್ದ ಬಟ್ಟಿ ಕತ್ತರಸಬಾರದು. ಒಳಗ ಮಡಚಿ ಹೊಲಿ. ಬೆಳಿಯೋ ಕೂಸು, ಮುಂದ ಬಿಚ್ಚಲಿಕ್ಕೆ ಬರ್ತದ." ಆ ಮಡಿಕೆ ಬಿಚ್ಚುವ ಸುದಿನ ಬರಲೇ ಇಲ್ಲ. ಬರುವುದಾದರೂ ಹೇಗೆ? ನಮ್ಮ ಮನೆತನದಲ್ಲಿ ಬೆಳೆದವರು ಯಾರಿದ್ದಾರೆ? ನಿನ್ನ ಮದುವೆ ಫೋಟೋದಲ್ಲಿ ನೀನು ಮಾಮಿಯ ಪಕ್ಕ ಅಷ್ಟು ಸರಿಸಮಾನವಾಗಿ ನಿಂತದ್ದು ಮಣೆಯ ಮೇಲೆ ಎಂಬ ಸತ್ಯವನ್ನು ಫೋಟೋದವನು ಪಾದಗಳ ಸಮೇತ ಕತ್ತರಿಸಿಹಾಕಿದ್ದಾನೆ. ಪರ್ವತಿ ಗುಡ್ಡ ಇಳಿಯುವಾಗಲೂ ಮಾಮಿ ನಿನಗಿಂತ ಒಂದು ಮೆಟ್ಟಿಲು ಕೆಳಗೇ ನಡೆಯುತ್ತಿದ್ದರು. ನಾವು ನೋಡಿಯೂ ನೋಡದವರ ಹಾಗೆ ಇರುತ್ತಿದ್ದೆವು.

ನಾನು ಅಂಗಡಿಯ ಪ್ಲಾಸ್ಟಿಕ್ ಗೊಂಬೆಗೆ ನಿನ್ನ ಟೊಪ್ಪಿಗೆ, ಕನ್ನಡಕ ಹಾಕಿ ಗಾದಿಯ ಮೇಲೆ ಕೂರಿಸಿದ ಮಧ್ಯಾಹ್ನವನ್ನು ನೀನು ಮರೆತಿರಲಾರೆ. ನೀನು ಊಟಕ್ಕೆ ಹೋಗಿದ್ದೆ. ಗಿರಾಕಿ ಅಜ್ಜಿಯೊಬ್ಬರು ಗೊಂಬೆಯ ಜೊತೆ ತಾಸುಗಟ್ಟಲೆ ಚೌಕಾಸಿ ಮಾಡಿ, "ಏನ ಗಟ್ಟಿ ಮನಷ್ಯಾರೀ ನಿಮ್ಮ ಸೇಠ, ಒಂದ ಮಾತ ಬಾಯಿಬಿಡವಲ್ಲರು" ಎಂದು ನೀನು ಹೇಳುವ ಬೆಲೆಗಿಂತ ಹೆಚ್ಚಿಗೇ ಕೊಟ್ಟು ಹೋದರು. ನೀನು ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟೆ. ಆಮೇಲೆ ನಗು ತಡೆದು, "ಕಣ್ಣು ಕೈ ಎರಡೂ ಭಾಳ ಚುರುಕ ಅವ ನಿನ್ನವು. ಎಲ್ಲೆರೆ ನೆಟ್ಟಗ ಹಚ್ಚಬೇಕು" ಎಂದು ಅದೇ ವಾರ ಗುಡ್ಡದ ಬದಿಯ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದೆ. ಶಿಕ್ಷೆ ಎಂದು ಹೋದವಳು ನಾನು. ಅಲ್ಲಿ ಮಾತಿಲ್ಲ, ಕಥೆಯಿಲ್ಲ. ಉಸಿರು ಅರ್ಧ ಬಿಟ್ಟು ನಿಲ್ಲಿಸಬೇಕು. ಬೆರಳು ಒತ್ತಿತೋ ಇಲ್ಲವೋ ಎಂದು ನಮಗೇ ತಿಳಿಯಬಾರದು. ಸುಮ್ಮನಿರುವುದರಲ್ಲಿ ಇಷ್ಟು ಕಿತಾಪತಿ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ರೈಫಲ್ ಕೊಳ್ಳಲು ಹೋದ ದಿನ ನನ್ನ ಬೆರಳ ಮೇಲೆ ಮತ ಹಾಕಿದ ಶಾಯಿ ಇನ್ನೂ ಮಾಸಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ. ಪಾಯಿಂಟ್ ಟೂ ಟೂ ಬಂದೂಕು ಬೇಕೆಂದರೆ ಪೊಲೀಸರ ಪರವಾನಗಿ ಬೇಕು, ಮೊದಲು ಕೈ ಕೂರಲಿ ಎಂದು ರೇಂಜಿನ ಕೋಚ್ ಸರ್ ಹೇಳಿದ್ದರಿಂದ ನಾವು ಗಾಳಿಯ ಒತ್ತಡದಲ್ಲಿ ಸಣ್ಣ ಸೀಸದ ಗುಂಡು, ಅಂದರೆ ಛರ್ರೆ, ಹಾರಿಸುವ ರೈಫಲ್ ನೋಡುತ್ತಿದ್ದೆವು. ಅಂಗಡಿಯವನು ಎರಡು ತೆಗೆದಿಟ್ಟ. ಒಂದು ಗಿಡ್ಡದು, ಹಗುರ, ನನ್ನ ಭುಜಕ್ಕೆ ಬೆಕ್ಕಿನ ಮರಿಯ ಹಾಗೆ ಬಂದು ಕೂತಿತು. ಇನ್ನೊಂದು ಉದ್ದನೆಯದು, ಜೇನಿನ ಬಣ್ಣದ ಮರದ್ದು. ನೀನು ಆ ಮರದ ಮೇಲೆ ಅಂಗೈ ಆಡಿಸಿದ ರೀತಿ ನೋಡಿದಾಗಲೇ ನನ್ನ ಗತಿ ನನಗೆ ಗೊತ್ತಾಯಿತು. ಒಳ್ಳೆಯ ಬಟ್ಟೆಯ ಥಾನು ಕಂಡಾಗ ನೀನು ಹಾಗೇ ಮಾಡುತ್ತಿದ್ದೆ. "ಮುಲೀಲಾ ಹೀ ಮೋಠೀ ಪಡೇಲ, ಕಾಕಾ," ಹುಡುಗಿಗೆ ಇದು ದೊಡ್ಡದಾಗ್ತದೆ ಎಂದು ಅಂಗಡಿಯವನೇ ಎಚ್ಚರಿಸಿದ. ನೀನು ತಲೆ ಸಹ ಎತ್ತಲಿಲ್ಲ. "ವಾಢೇಲ ಹೋ!" ಎಂದೆ. ನನ್ನ ಕಡೆ ತಿರುಗಿ, "ಬೆಳೀತಿ, ತಗೋ" ಎಂದೆ. ದೇಶದ ಸರಕಾರ ಆರಿಸಿ ಬಂದ ಮತದಾರಳಿಗೆ, ಮಾಮಾ! ಗುರುತಿನ ಚೀಟಿಯಲ್ಲಿದ್ದ ನನ್ನ ವಯಸ್ಸು ಓದಿ ಅಂಗಡಿಯವನು ಕೆಮ್ಮಿದ.

ಮನೆಗೆ ತಂದ ಸಂಜೆ ನೀನು ಅದಕ್ಕೆ ಮಾಡಿದ ಶೃಂಗಾರ! ಕೆನ್ನೆ ಒರಗಿಸುವ ಜಾಗ ತಣ್ಣಗಿರುತ್ತದೆ ಎಂದು ಅಂಗಡಿಯ ಕಟ್‌ಪೀಸಿನಿಂದ ಮೆರೂನ್ ಮಖಮಲ್ಲು ತಂದು, ಒಂದು ಸುಕ್ಕೂ ಬೀಳದ ಹಾಗೆ ಅಂಟಿಸಿದೆ. ಗುರಿ ಹಿಡಿಯುವ ಮುಂದಿನ ಸೈಟಿನ ಉಂಗುರ ಬದಲಿಸಿದೆ. ಟ್ರಿಗರಿನ ಬಿಗುವನ್ನು ಸಡಿಲಿಸಲು ಕೋಚ್ ಸರ್‌ಗೆ ಗಂಟುಬಿದ್ದೆ. ಭುಜಕ್ಕೆ ಒರಗುವ ಹಿಂಭಾಗದ ಉದ್ದ ಒಂದನ್ನು ಮಾತ್ರ ನೀನು ಮುಟ್ಟಲಿಲ್ಲ. ಮಾಮಿ ಅಡಿಗೆಮನೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. "ಮಗಳಿಗೆ ಬಳಿ ಕೊಡಸ್ತಾರ, ಸರ ಕೊಡಸ್ತಾರ. ನೀವು ಕೋಲು ಕೊಡಸೀರಿ. ಅದಕ್ಕ ಮ್ಯಾಲ ಮಖಮಲ್ಲು ಬ್ಯಾರೆ!" ಎಂದರು. "ನೀನೂ ಒಮ್ಮೆ ಹಿಡದ ನೋಡ ಬಾ" ಎಂದು ನೀನು ಕರೆದೆ. "ನನಗ ಒಲಿ ಮ್ಯಾಲ ಹಾಲ ಅದ" ಎಂದು ಒಳಗೆ ಹೋದರು. ನೀನು ಮತ್ತೆ ಮತ್ತೆ ಕರೆಯುತ್ತಿದ್ದೆ. ಪ್ರತಿ ಸಲವೂ ಒಲೆಯ ಮೇಲೆ ಏನಾದರೂ ಇದ್ದೇ ಇರುತ್ತಿತ್ತು.

ರೇಂಜಿನಲ್ಲಿ ನಾನು ಅದನ್ನು ಎತ್ತಿ ನಿಂತಾಗ ನಿನ್ನ ಮುಖದಲ್ಲಿ ಎಂಥ ಹೆಮ್ಮೆ ಇರುತ್ತಿತ್ತು! ನನ್ನ ಸ್ಥಿತಿ ಮಾತ್ರ ನಿಚ್ಚಣಿಕೆ ಹೊತ್ತ ಇರುವೆಯದು. ರೈಫಲಿನ ಹಿಂಭಾಗ ಭುಜದಲ್ಲಿ ಕೂರದೆ ತೋಳಿಗೆ ಜಾರುತ್ತಿತ್ತು. ಕತ್ತು ಮುಂದೆ ಚಾಚಿದರೂ ಹಿಂದಿನ ಸೈಟು ಕಣ್ಣಿಗೆ ದೂರವೇ. ಛರ್ರೆಗಳು ಹಾಳೆಯ ತುಂಬ ಸಂತೆಗೆ ಬಂದವರ ಹಾಗೆ ಚೆಲ್ಲಾಪಿಲ್ಲಿ. ಕೋಚ್ ಸರ್ ನಿನ್ನನ್ನು ಪಕ್ಕಕ್ಕೆ ಕರೆದು, "ಲಾಕೂಡ ಕಾಪಾವ ಲಾಗೇಲ," ಮರ ಕತ್ತರಿಸಲೇಬೇಕು ಎಂದರು. ನೀನು ಅವರಿಗೇ ಸಮಾಧಾನ ಹೇಳಿದೆ. "ಕತ್ತರಸೂದು ಸುಲಭ ಅದರೀ ಸರ್. ಕೂಡಿಸೂದು ಯಾರ ಕೈಲಿ ಆಗ್ತದ?" ಅದನ್ನು ಮರಾಠಿಯಲ್ಲಿ ಹೇಳಬೇಕೆಂಬುದೂ ನಿನಗೆ ಮರೆತುಹೋಗಿತ್ತು. ಸರ್‌ಗೆ ಏನು ತಿಳಿಯಿತೋ, ತಲೆ ಆಡಿಸಿದರು.

ಅಂಗಡಿಯ ಮೇಲಿನ ಖಾನೆಯ ಥಾನು ತೆಗೆಯಲು ಸ್ಟೂಲ್ ಹತ್ತಿದವನು ಎದೆ ಹಿಡಿದುಕೊಂಡು ಕೆಳಗೆ ಕೂತೆಯಲ್ಲ, ಅಲ್ಲಿಂದ ಮುಂದಿನದನ್ನು ನಾನು ಬರೆಯುವುದಿಲ್ಲ. ನಿನಗೆ ಗೊತ್ತಿರುವುದೇ. ಆಮೇಲೆ ರೈಫಲ್ ತನ್ನ ಪೆಟ್ಟಿಗೆಯಲ್ಲಿ ಕಪಾಟಿನ ಮೇಲೆ ಮಲಗಿತು. ನಾನು ಎರಡು ಸಲ ರೇಂಜಿಗೆ ಒಯ್ದೆ, ಎರಡು ಸಲವೂ ಅರ್ಧಕ್ಕೇ ವಾಪಸು ತಂದೆ. "ಇದರಲ್ಲೇ ಹೀಗೇ ಹೊಡೆದರೆ ನಿನ್ನ ಕೈಯೂ ಕೆಡುತ್ತದೆ, ಭುಜವೂ ಕೆಡುತ್ತದೆ. ಕತ್ತರಿಸು, ಇಲ್ಲ ಮನೆಯಲ್ಲಿ ಗೋಡೆಗೆ ತೂಗುಹಾಕು" ಎಂದು ಸರ್ ಮರಾಠಿಯಲ್ಲಿ ಖಡಾಖಂಡಿತ ಹೇಳಿದರು. ಕತ್ತರಿಸಿದರೆ ನಿನ್ನ ಮಾತು ಮುರಿದ ಹಾಗೆ. ಬಿಟ್ಟರೆ ನೀನು ನನಗೆ ಹಚ್ಚಿಕೊಟ್ಟ ಆ ಒಂದು ನೆಟ್ಟಗಿನ ಕೆಲಸವೂ ನಿನ್ನ ಜೊತೆಗೇ... ಹೇಳು, ನೀನಾಗಿದ್ದರೆ ಏನು ಮಾಡುತ್ತಿದ್ದೆ? ಬಟ್ಟೆಯಾದರೆ ಮಡಚಬಹುದು. ಮರವನ್ನು ಮಡಚಿ ಹೊಲಿಯುವ ದರ್ಜಿ ಈ ಪುಣೆಯಲ್ಲಿ ಯಾವ ಪೇಟೆಯಲ್ಲಿದ್ದಾನೆ?

ದರ್ಜಿ ಮನೆಯಲ್ಲೇ ಸಿಕ್ಕರು. ಒಂದು ಭಾನುವಾರ ಚಹಾ ಕುಡಿಯುತ್ತ ನಾನು ಪೆಟ್ಟಿಗೆ ತೆರೆದು ಮಖಮಲ್ಲು ಸವರುತ್ತಿದ್ದೆ. ಮಾಮಿ ಬಂದು ಎದುರಿಗೆ ಕೂತರು. "ಎಷ್ಟ ಹೆಚ್ಚಾಗೇದ?" ಎಂದು ಕೇಳಿದರು. ಎರಡು ಬೆರಳು ತೋರಿಸಿದೆ.

"ಇಷ್ಟಕ್ಕ ಇಷ್ಟ ತಿಂಗಳು ಮಾರಿ ಸಪ್ಪಗ ಮಾಡ್ಕೊಂಡ ತಿರಗೀದಿ?"

"ಮಾಮಾ ಕತ್ತರಸಬ್ಯಾಡ ಅಂದಾನ."

"ಒಗೀಬ್ಯಾಡ ಅಂದಾರ. ನಲವತ್ತು ವರ್ಷ ಅವರ ಮಾತ ಕೇಳೇನಿ, ನನಗ ಹೇಳಲಿಕ್ಕೆ ಬರಬ್ಯಾಡ. ಕತ್ತರಸು. ಆ ತುಂಡಿಗೆ ಉದ್ದನ ಸ್ಕ್ರೂ ಹಾಕಿಸಿ, ಬೇಕಾದಾಗ ಹಚ್ಚೂ ಹಂಗ, ಬ್ಯಾಡಾದಾಗ ತಗಿಯೂ ಹಂಗ ಮಾಡಸು. ಮಡಿಕಿ ಅಂದ್ರ ಅಷ್ಟ ಅಲ್ಲೇನು?"

ನಾನು ಚಹಾ ಲೋಟ ಕೆಳಗಿಟ್ಟು ಮಾಮಿಯ ಪಾದ ಮುಟ್ಟಿದೆ. "ಸಾಕ ನಿನ್ನ ನಾಟಕ" ಎಂದರು. ಆದರೆ ಆ ದಿನ ನಾನು ನಾಟಕ ಮಾಡಿರಲಿಲ್ಲ.

ಗರಗಸದ ದಿನ ಮಾತ್ರ ಮಾಡಿದೆ, ಅದನ್ನು ಒಪ್ಪುತ್ತೇನೆ. ರೇಂಜಿನ ಹಿಂದಿನ ರಿಪೇರಿ ಕೋಣೆಯಲ್ಲಿ ಗರಗಸಕ್ಕೆ ಅರಿಶಿನ ಕುಂಕುಮ ಹಚ್ಚಿದೆ. ಕಾಯಿ ಒಡೆದೆ. ಕೋಚ್ ಸರ್‌ಗೆ ತಲೆಗೆ ಕರವಸ್ತ್ರ ಹಾಕಿಕೊಳ್ಳಲು ಹೇಳಿದೆ, ಪಾಪ, ಹಾಕಿಕೊಂಡರು. ನಂತರ ಉಪಸ್ಥಿತ ಜನಸ್ತೋಮವನ್ನು, ಅಂದರೆ ಸರ್ ಮತ್ತು ಒಂದು ನಾಯಿಯನ್ನು, ಉದ್ದೇಶಿಸಿ ಭಾಷಣ ಮಾಡಿದೆ: "ಬೆಳೆಯುತ್ತೇನೆಂಬ ಭರವಸೆಯ ಮೇಲೆ ಖರೀದಿಸಲ್ಪಟ್ಟ ಈ ಮರವು ಇಂದು ವಾಸ್ತವವನ್ನು ಒಪ್ಪಿಕೊಳ್ಳುತ್ತಿದೆ..." "ಪುರೇ, ಬಾಯೀ, ಪುರೇ!" ಸಾಕು ತಾಯಿ ಎಂದು ಸರ್ ಗರಗಸ ಎಳೆದರು. ಮೊದಲ ಎಳೆತದ ಸದ್ದಿಗೆ ನಾನು ಭಾಷಣ ಬಿಟ್ಟು ಮರದ ಕೆಳಗೆ ಅಂಗೈ ಒಡ್ಡಿದೆ. ಜೇನಿನ ಬಣ್ಣದ ಪುಡಿ ಉದುರಿತು. ತುಂಡು ನನ್ನ ಅಂಗೈಗೆ ಬಂದಾಗ ಬಿಸಿಯಾಗಿತ್ತು, ಮಾಮಾ.

ತುಂಡು ತೆಗೆದ ರೈಫಲನ್ನು ಮೊದಲ ಸಲ ಎತ್ತಿದ ಕ್ಷಣ ಹೇಗಿತ್ತು ಎಂದರೆ... ಅವ್ವ ಹಿಂದಿನಿಂದ ಬಂದು ಭುಜದ ಮೇಲೆ ಕೈ ಇಟ್ಟ ಹಾಗಿತ್ತು ಎನ್ನಲೇ? ಬೇಡ, ನೀನು ನಗುತ್ತೀ. ಮಖಮಲ್ಲು ಕೆನ್ನೆಗೆ ತಾನಾಗಿ ಬಂತು. ಉಂಗುರದೊಳಗೆ ಉಂಗುರ, ಅದರೊಳಗೆ ಕರಿ ಚುಕ್ಕೆ. ಸೈಟಿನ ತಿರುಪನ್ನು ಟಿಕ್ ಟಿಕ್ ಎಂದು ಎಡಕ್ಕಿಷ್ಟು ಮೇಲಕ್ಕಿಷ್ಟು ತಿರುಗಿಸಿದ ಮೇಲೆ ಹೊಡೆದ ಛರ್ರೆಗಳೆಲ್ಲ ಒಂದು ರೂಪಾಯಿ ನಾಣ್ಯ ಮುಚ್ಚುವಷ್ಟು ಜಾಗದಲ್ಲಿ ಗುಂಪುಗೂಡಿದವು. ಸರ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನೂ ತಲೆಯ ಮೇಲಿದ್ದ ಕರವಸ್ತ್ರ ತೆಗೆದು ಮಡಚಿ ಜೇಬಿಗಿಟ್ಟುಕೊಂಡರು.

ಈಗ ನೀನು ಕೇಳದ ಸುದ್ದಿ. ಕಳೆದ ತಿಂಗಳು ಅಂಗಡಿ ರಜೆಯ ದಿನ ಮಾಮಿ ನನಗೆ ಡಬ್ಬಿ ಕೊಡುವ ನೆಪದಲ್ಲಿ ರೇಂಜಿಗೆ ಬಂದರು. ಹೌದು, ಅಂಗಡಿ ನಡೆಯುತ್ತಿದೆ. ಗಾದಿಯ ಮೇಲೆ ಈಗ ಅವರೇ. ಮೇಲಿನ ಖಾನೆಯ ಥಾನನ್ನು ನೆಲದ ಮೇಲೆ ನಿಂತೇ ತೆಗೆಯುತ್ತಾರೆ. ನಿನ್ನ ಸ್ಟೂಲಿನ ಮೇಲೆ ತುಳಸಿ ಕುಂಡ ಇಟ್ಟಿದ್ದಾರೆ. ನಾನು ಕೀಟಲೆಗೆಂದು ರೈಫಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಮಹಾರಾಣಿಯವರು ಆಯುಧ ಸ್ವೀಕರಿಸಬೇಕು" ಎಂದೆ. ಫೋಟೋ ತೆಗೆದು ನಮ್ಮ ಮನೆಯವರ ಗ್ರೂಪಿಗೆ ಹಾಕುವ ಹುನ್ನಾರ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ತೆಗೆದುಕೊಂಡರು. ಭುಜಕ್ಕಿಟ್ಟು, ಮುಖ ಸಿಂಡರಿಸಿದರು.

"ಇದು ನನಗ ಗಿಡ್ಡ ಆತು. ಆ ತುಂಡ ಎಲ್ಲದ?"

ನನ್ನ ಫೋನು ಕೈಯಲ್ಲೇ ಉಳಿಯಿತು. ಪೆಟ್ಟಿಗೆಯಿಂದ ತುಂಡು ತೆಗೆದು, ಎರಡು ಸ್ಕ್ರೂ ಬಿಗಿದು ಕೊಟ್ಟೆ. ಮಾಮಿ ಮತ್ತೆ ಎತ್ತಿದರು. ಈ ಸಲ ಕತ್ತು ಚಾಚಲಿಲ್ಲ, ತೋಳು ಜಾರಲಿಲ್ಲ. ನೀನು ಅಂಟಿಸಿದ ಮಖಮಲ್ಲಿನ ಮೇಲೆ ಅವರ ಕೆನ್ನೆ ಇತ್ತು. ಬಹಳ ಹೊತ್ತು ಹಾಗೇ ಇತ್ತು. ಗುರಿ ಹಿಡಿಯಲು ಅಷ್ಟು ಹೊತ್ತು ಬೇಕಾಗಿಲ್ಲ. ನಾನು ಆ ಕಡೆ ನೋಡಲಿಲ್ಲ. ಛರ್ರೆ ಹೋಗಿ ಪಕ್ಕದವರ ಹಾಳೆಗೆ ಬಿತ್ತು, ಅದೂ ನೇರ ನಡುವಿಗೆ. "ಯಾರದಾದರೇನು, ನಡುವಿಗೆ ಬಿತ್ತಿಲ್ಲೋ?" ಎಂದರು ಮಾಮಿ. ನಿನ್ನ ಅಂಗಡಿಯ ಧಾಟಿ ಅವರ ಬಾಯಿಗೆ ಯಾವಾಗ ಬಂತೋ.

ಅಂದಿನಿಂದ ಅವರು ಬಿಡದೆ ಬರುತ್ತಿದ್ದಾರೆ. ನನ್ನ ಸರದಿಗೆ ತುಂಡು ಬಿಚ್ಚುತ್ತೇವೆ, ಅವರ ಸರದಿಗೆ ಹಚ್ಚುತ್ತೇವೆ. ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದೀರೇನೋ ಎಂದು ನಾನು ಕೇಳಿದರೆ ಸ್ಕ್ರೂಡ್ರೈವರ್ ತೋರಿಸಿ ಹೆದರಿಸುತ್ತಾರೆ. ನಿನಗೆ ಒಂದು ಮಾತು ಕೊಡುತ್ತೇನೆ, ಇದರಲ್ಲಿ ತಮಾಷೆ ಇಲ್ಲ: ಆ ತುಂಡು ಎಲ್ಲೂ ಕಳೆಯದ ಹಾಗೆ, ಮಖಮಲ್ಲು ಸವೆದರೆ ನಿನ್ನ ಅಂಗಡಿಯ ಕಟ್‌ಪೀಸನ್ನೇ ಹಚ್ಚುವ ಹಾಗೆ ನೋಡಿಕೊಳ್ಳುತ್ತೇನೆ.

ಒಂದು ಸೈಜು ದೊಡ್ಡದು ಕೊಂಡದ್ದು ನಷ್ಟವಾಗಲಿಲ್ಲ, ಮಾಮಾ. ಮಾಮಿ ಬೆಳೆಯುತ್ತಿದ್ದಾರೆ. ನಾನು ಮಾತ್ರ ಇದ್ದಷ್ಟೇ ಇದ್ದೇನೆ.

ನಿನ್ನ,
ಗಿಡ್ಡಿ