ಅಳಿಯ ಬೇಯಿಸಿದ ಬಿಯರ್ ಕೋಳಿ

ಕಾಣಿಯೂರು
12-2-2025

ಪ್ರೀತಿಯ ಮಗಳು ಸುಪ್ರಿತಾಳಿಗೆ,

ನಾವಿಲ್ಲಿ ಸೌಖ್ಯ. ಭಾನುವಾರದಿಂದಲೇ ಬರೆಯಬೇಕೆಂದಿದ್ದೆ, ಕೈ ಓಡಲಿಲ್ಲ. ಸಿಟ್ಟಾಗಬೇಡ. ಫೋನಾದರೆ ನಾನು ಒಂದು ಹೇಳುವಷ್ಟರಲ್ಲಿ ನೀನು ನಾಲ್ಕು ಕೇಳುತ್ತಿ. ಕಾಗದವನ್ನಾದರೂ ಸುಮ್ಮನೆ ಕೊನೆಯವರೆಗೆ ಓದುತ್ತಿ.

ಭಾನುವಾರ ಬೆಳಿಗ್ಗೆ ನೋಡಿದರೆ ನಿನ್ನ ಗಂಡ ಆಗ್ನೆಲ್ ಒಬ್ಬನೇ ಅಂಗಳದಲ್ಲಿ ನಿಂತಿದ್ದ. ಮಡಗಾಂವಿನ ತನ್ನ ಹೋಟೆಲಿಗೆ ಕಾಳುಮೆಣಸು ಕೊಳ್ಳಲು ಪುತ್ತೂರಿಗೆ ಬಂದವನಂತೆ. ನಿಮ್ಮ ಮದುವೆಯಾದಂದಿನಿಂದ ಅವನ ಹೆಸರೆತ್ತದ ನಿನ್ನ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ನಾನೇ ಒಳಗೆ ಕರೆದೆ. ನೀರು ಕುಡಿದು, ನೀನು ಕಲಿಸಿದ ಕನ್ನಡದಲ್ಲಿ ಕೇಳಿದ, "ಅತ್ತೆ, ಇವತ್ತು ಅಡಿಗೆ ನಾನು ಮಾಡುದು. ಕೋಳಿ ಉಂಟಾ?"

ಊರಕೋಳಿ ಇತ್ತು. ಆದರೆ ಅವನು ಚೀಲದಿಂದ ಬಿಯರ್ ಬಾಟಲಿ ತೆಗೆದಾಗ ನಾನು ಹೆದರಿ ಜಗಲಿಯ ಕಡೆ ಇಣುಕಿದೆ.

"ಅಯ್ಯೋ, ಇದೆಂತ ಮಾರಾಯ! ಮಾವ ನೋಡಿದ್ರೆ?"

"ಕುಡೀಲಿಕ್ಕಲ್ಲ ಅತ್ತೆ, ಕೋಳಿಗೆ. ನನ್ನ ಅಜ್ಜಿ ಪೋರ್ಚುಗೀಸರ ಮನೆಯಲ್ಲಿ ಅಡಿಗೆಗೆ ಇದ್ದವರು. ಅವರು ಕಲಿಸಿದ್ದು."

ತುಂಡುಗಳಿಗೆ ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಮೆಣಸಿನ ಪುಡಿ, ವಿನೆಗರ್ ಸವರಿಟ್ಟ. ಈರುಳ್ಳಿ ಕೆಂಪಗೆ ಹುರಿದು, ಕೋಳಿಯನ್ನು ಅದರಲ್ಲೇ ಬಾಡಿಸಿ, ಪಲಾವ್ ಎಲೆ ಹಾಕಿ ಬಿಯರ್ ಸುರಿದ. ಬುಸ್ಸೆಂದು ನೊರೆ ಎದ್ದಿತು. ತೆಂಗಿನಕಾಯಿ ಇಲ್ಲದ ಕೋಳಿ ಸಾರೇ ನನಗೆ ಹೊಸತು.

"ಕಹಿ ಆಗುದಿಲ್ವಾ?" ಎಂದೆ.

"ಕುದ್ದು ಕುದ್ದು ಹೋಗ್ತದೆ. ಊರಕೋಳಿ ಅಲ್ವಾ, ಹೇಗೂ ತುಂಬಾ ಹೊತ್ತು ಬೇಕು."

ಪರಿಮಳ ಜಗಲಿಗೆ ಹೋಗಿರಬೇಕು. ಎಂದೂ ಅಡಿಗೆಮನೆಗೆ ಬಾರದ ನಿನ್ನ ಅಪ್ಪ ನೀರು ಬೇಕೆಂದು ಬಂದರು, ಸ್ವಲ್ಪ ಹೊತ್ತಿಗೆ ಮತ್ತೆ ಬಂದರು.

ಅವನಿಗೆ ಪಾವ್ ಬೇಕಿತ್ತು. ನಾನು ಅಕ್ಕಿಯ ಗರಿಗರಿ ಕೋರಿ ರೊಟ್ಟಿಯ ಕಟ್ಟು ಬಿಚ್ಚಿದೆ. ಅಪ್ಪ ರೊಟ್ಟಿ ಮುರಿದು, ಕೆಂಪು ರಸ ಹೊಯ್ದು, ಅದು ಮೆತ್ತಗಾಗುವವರೆಗೂ ತಟ್ಟೆಯನ್ನೇ ನೋಡುತ್ತಾ ಕುಳಿತರು. ಒಂದು ತುತ್ತು ತಿಂದರು. ಮತ್ತೊಂದು.

"ಹುಳಿ ಎಂತದ್ದು ಹಾಕಿದ್ದು?" ಕೇಳಿದ್ದು ನನ್ನನ್ನಲ್ಲ, ಅವನನ್ನು!

"ವಿನೆಗರ್, ಮಾವ. ಮತ್ತೆ... ಬಿಯರೂ ಉಂಟು."

ನಾನು ಕಣ್ಣು ಮುಚ್ಚಿದೆ.

"ಹಾಗಾದ್ರೆ ಮುಂದಿನ ಸಲ ಎರಡು ಬಾಟಲಿ ತನ್ನಿ. ಕೋಳಿಗೆ ಒಂದು ಸಾಕಲ್ಲ," ಎಂದರು. ಅವನು ಮೊದಲು ತಬ್ಬಿಬ್ಬಾದ, ಆಮೇಲೆ ನಕ್ಕ. ಅಪ್ಪನೂ ನಕ್ಕರು. ಮುಂದಿನ ಸಲ ಎಂದರು, ಕೇಳಿದೆಯಾ?

ದೇವರು ನಿಮ್ಮಿಬ್ಬರನ್ನೂ ತಂಪಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಸೀತು

ಮತ್ತೊಂದು ಮಾತು: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ನಿನ್ನ ಹೊಟ್ಟೆಯಲ್ಲಿದ್ದ ಮಗು ಹೋದದ್ದನ್ನು ಆಗ್ನೆಲ್ ಹೊರಡುವ ಮುಂಚೆ ನನಗೆ ಹೇಳಿದ. ನಮಗೆ ತಿಳಿಸಬಾರದೆಂದು ನೀನು ಆಣೆ ಹಾಕಿಸಿದ್ದನ್ನೂ ಹೇಳಿದ. ಅವನ ಮೇಲೆ ಮುನಿಯಬೇಡ, ನೀನು ಬಡವಾಗುವುದನ್ನು ನೋಡಲಾರದೆ ಬಾಯಿ ಬಿಟ್ಟಿದ್ದಾನೆ. ಅಷ್ಟು ದೊಡ್ಡ ಸಂಕಟವನ್ನು ಅಮ್ಮನಿಲ್ಲದೆ ನುಂಗಿದೆಯಲ್ಲ ಮಗಾ. ಅಪ್ಪನಿಗೆ ನಿನ್ನೆ ತಿಳಿಸಿದೆ. ಹಿತ್ತಿಲಿಗೆ ಹೋಗಿ ತುಂಬಾ ಹೊತ್ತು ನಿಂತಿದ್ದರು. ಒಳಗೆ ಬಂದವರೇ, "ಮಂಗಳೂರಿಂದ ಅಲ್ಲಿಗೆ ರೈಲು ಎಷ್ಟು ಗಂಟೆಗೆ ಉಂಟು?" ಎಂದರು. ಈ ಕಾಗದ ಸಿಕ್ಕಿದ ಬೆನ್ನಿಗೇ ನಾವಿಬ್ಬರೂ ಬರುತ್ತೇವೆ. ನೀನು ಬಾಗಿಲು ತೆರೆದಾಗ ಅಪ್ಪ ಅತ್ತರೆ, ನೋಡದ ಹಾಗೆ ಮಾಡು.