ಗುರುವಾರದ ನಾಟಕ

ಕ್ಯಾಸಲ್‌ನಾಕ್, ಡಬ್ಲಿನ್
7 ಮಾರ್ಚ್ 2025, ಶುಕ್ರವಾರ

ಪ್ರೀತಿಯ ತಮ್ಮ ಜಯರಾಮನಿಗೆ ಅಕ್ಕನ ಆಶೀರ್ವಾದಗಳು.

ನೀನು ಹೇಗಿದ್ದೀಯ? ಚೈತನ್ಯಾಳ ಮಂಡಿನೋವು ಇಳಿಯಿತೇ? ಅದಿತಿಯ ಕೆಮ್ಮು? ಪತ್ರ ತಡವಾಯಿತೆಂದು ಬೈದುಕೊಳ್ಳಬೇಡ. ಪಕ್ಕದ ಮನೆಯ ಮೊರೀನಳ ಚಿಂತೆಯಲ್ಲೇ ದಿನ ಕಳೆದವು.

ಮೊರೀನಳಿಗೆ ತೊಂಬತ್ತೈದು ದಾಟಿದೆ, ಒಬ್ಬಳೇ ಇರುತ್ತಾಳೆ. ಎರಡನೇ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಲ್ಲಿ ಲಂಡನ್ನಿಗೆ ಹೋಗಿ ಟೆಲಿವಿಷನ್ ನಾಟಕಗಳಲ್ಲಿ ಮನೆಗೆಲಸದವಳ ಪಾತ್ರ ಮಾಡಿದವಳು. ಆಗ ನಾಟಕವನ್ನು ರೆಕಾರ್ಡ್ ಮಾಡಿ ತೋರಿಸುವ ರೂಢಿ ಇರಲಿಲ್ಲವಂತೆ. ಭಾನುವಾರ ಆಡಿದ್ದನ್ನೇ ಗುರುವಾರ ಅದೇ ಜನ ಅದೇ ಬಟ್ಟೆ ತೊಟ್ಟು ಮೊದಲಿಂದ ಆಡಬೇಕಿತ್ತು. ಅವಳಿಗೆ ಇಂದಿಗೂ ಗುರುವಾರ ಬಂತೆಂದರೆ ಬಿಳಿ ಏಪ್ರನ್ನು, ಕೈಯಲ್ಲಿ ಟ್ರೇ. ಯಜಮಾನಿಯ ಪಾತ್ರ ನನಗೆ. "ಜಯಶೀಲಾ, ಬೆನ್ನು ನೆಟ್ಟಗೆ! ನೀನು ಶ್ರೀಮಂತೆ ಕಣೇ, ಅಡುಗೆಯವಳಲ್ಲ!" ಎಂದು ಗದರುತ್ತಾಳೆ.

ಅವಳ ತಮ್ಮನ ಮಗ ಡೆಕ್ಲನ್ ಇದನ್ನು ಕಿಟಕಿಯಿಂದ ನೋಡಿಬಿಟ್ಟ. ತಲೆ ಕೆಟ್ಟಿದೆ, ವೃದ್ಧಾಶ್ರಮಕ್ಕೆ ಸೇರಿಸಬೇಕು ಎಂದು ಹಟ ಹಿಡಿದ. ಪರೀಕ್ಷಿಸಲು ಡಾಕ್ಟರು ಬಂದದ್ದು ನಿನ್ನೆ, ಗುರುವಾರವೇ!

"ಇವತ್ತೊಂದು ದಿನ ಏಪ್ರನ್ ಬೇಡ," ಎಂದು ಬೇಡಿಕೊಂಡೆ. ಕೇಳಬೇಕಲ್ಲ! "ಗುರುವಾರ ತಪ್ಪಿಸಿದ್ರೆ ಮುಂದೆ ಯಾರು ಪಾತ್ರ ಕೊಡ್ತಾರೆ?" ಅಂದಳು.

ಮೊರೀನ್ ನಿಧಾನವಾಗಿ ಮಾತಾಡಿದರೆ ನನಗೆ ಅರ್ಥವಾಗುತ್ತದೆ. ಡಾಕ್ಟರರ ವೇಗದ ಇಂಗ್ಲಿಷಿಗೆ ನನ್ನ ಮಗ ಶ್ರೀಕಂಠನೇ ಬೇಕು. ಆಫೀಸಿಗೆ ರಜೆ ಹಾಕಿ ಬಂದಿದ್ದ, ಮೊಮ್ಮಗಳು ಅರ್ಪಿತಾಳೂ ಜೊತೆಗಿದ್ದಳು.

"ಇವತ್ತು ನಾಟಕ ಎಲ್ಲಿ?" ಎಂದು ಡಾಕ್ಟರು ಏಪ್ರನ್ ನೋಡಿ ಕೇಳಿದರು.

"ಇಲ್ಲೇ, ಈ ಅಡುಗೆಮನೇಲಿ," ಅಂದಳು ಮೊರೀನ್. "ಲಂಡನ್ನಿನಲ್ಲಿ ನನ್ನ ಜೊತೆ ಆಡಿದವರೆಲ್ಲ ಯಾವಾಗಲೋ ಸತ್ತರು ಡಾಕ್ಟ್ರೇ. ಡೆಕ್ಲನ್‌ಗೆ ಗಾಲ್ಫ್, ನನಗೆ ಇದು. ಅವನನ್ನ ಯಾವಾಗ ಪರೀಕ್ಷೆ ಮಾಡ್ತೀರ?"

ಡಾಕ್ಟರು ಗಟ್ಟಿಯಾಗಿ ನಕ್ಕರು. ಬುದ್ಧಿ 'ಗ್ರ್ಯಾಂಡ್', ಅಂದರೆ ಚೆನ್ನಾಗಿಯೇ ಇದೆ, ಆದರೆ ಈಚೆಗೆ ಒಮ್ಮೆ ಒಲೆಯ ಹತ್ತಿರ ಜಾರಿ ಬಿದ್ದಿದ್ದಾಳಲ್ಲ, ಹಗಲೆಲ್ಲ ಒಬ್ಬರು ಜೊತೆಗಿದ್ದರೆ ಮಾತ್ರ ಮನೆಯಲ್ಲಿ ಬಿಡಬಹುದು ಎಂದರಂತೆ. ನಾನು ತಡೆಯಲಾರದೆ ಎದ್ದು ನಿಂತೆ. "ನಾನಿರ್ತೀನಿ. ಹೇಳೋ ಶ್ರೀಕಂಠ, ಅಮ್ಮ ಇರ್ತಾಳೆ ಅಂತ ಹೇಳೋ!"

ಅವನು ತಗ್ಗಿದ ದನಿಯಲ್ಲಿ ಏನೋ ಉದ್ದಕ್ಕೆ ಹೇಳಿದ. ಡಾಕ್ಟರು ನನ್ನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿ ಚೀಲ ಮುಚ್ಚಿದರು. ಒಪ್ಪಿದರು ಅಂದುಕೊಂಡೆ, ಮೊರೀನಳ ಕೈಯನ್ನೂ ಒತ್ತಿದೆ. ಆದರೆ ಸಂಜೆ ಡೆಕ್ಲನ್ ಸೂಟ್‌ಕೇಸ್ ತಂದ. ಸೋಮವಾರ ಅವಳನ್ನು ಲಿಮೆರಿಕ್‌ನ ಆಶ್ರಮಕ್ಕೆ ಕರೆದೊಯ್ಯುತ್ತಾನೆ. "ನೀನೇ ಇರ್ತೀನಿ ಅಂದ್ಯಲ್ಲ?" ಎಂದು ಅವಳು ಕೇಳುತ್ತಾಳೆ.

ನಿಮಗೆಲ್ಲ ದೇವರು ಆರೋಗ್ಯ ಕೊಡಲಿ. ಚೈತನ್ಯಾ ಮೆಟ್ಟಿಲು ಹತ್ತದಿರಲಿ.

ಇಂತಿ ನಿನ್ನ ಅಕ್ಕ,
ಜಯಶೀಲಾ

ಮರೆತ ಮಾತಲ್ಲ, ಬರೆಯಲು ಧೈರ್ಯ ಸಾಲದ್ದು: ಇವತ್ತು ಬೆಳಿಗ್ಗೆ ಅರ್ಪಿತಾ ನನ್ನನ್ನು ಅಪ್ಪಿಕೊಂಡು, "ಅಜ್ಜಿ, ಡ್ಯಾಡ್ ಡಿಡಂಟ್ ಸೇ ದಟ್ ಅಟ್ ಆಲ್," ಅಂದಳು. ನನ್ನ ಮಾತನ್ನು ಶ್ರೀಕಂಠ ಹೇಳಲೇ ಇಲ್ಲ, ಡಾಕ್ಟರಿಗೆ ಹೇಳಿದ್ದು ಇಷ್ಟಂತೆ: ಅಮ್ಮನಿಗೇ ಈಚೆಗೆ ಮರೆವು ಶುರುವಾಗಿದೆ, ಅವರನ್ನೇ ಒಬ್ಬರು ನೋಡಿಕೊಳ್ಳಬೇಕು. ನನ್ನ ಪತ್ರಗಳಲ್ಲಿ ನಿನಗೂ ಹಾಗೇನಾದರೂ ಕಂಡಿದೆಯೇನೋ, ಜಯರಾಮ? ನನ್ನ ಮನಸ್ಸು ನೋಯುತ್ತದೆಂದು ಮುಚ್ಚಬೇಡ. ಬೇಗ ಬರೆ.