ಒತ್ತದೆ ಬಿಟ್ಟ ಮುಳ್ಳು

ಪ್ರೀತಿಯ ಅಣ್ಣಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬಯ್ಯಬೇಡ.

ನೀನು ಕಳಿಸಿದ ಹುಂಜದ ಗರಿಯನ್ನು ಗಾಳಗಳಿಗೆ ಸುತ್ತಿ, ಮೀನಿಗೆ ನೊಣದಂತೆ ಕಾಣುವ ಹತ್ತು ಹುಸಿನೊಣ ಕಟ್ಟಿದ್ದೆ. ಕಚ್ಚಿದ ಮೀನಿನ ಬಾಯಿ ಹರಿಯದಂತೆ ಬಿಡಿಸಲು ಗಾಳದ ಒಳಮುಳ್ಳನ್ನು ಒತ್ತಿ ಚಪ್ಪಟೆ ಮಾಡಬೇಕೆಂದು ಕಲಿಸಿದವನು ನೀನೇ. ಒಂಬತ್ತಕ್ಕೆ ಹಾಗೆಯೇ ಮಾಡಿದೆ.

ಭಾನುವಾರ ಇವನ್ನು ಕಟ್ಟುತ್ತ ಕೂತು ಅಡುಗೆ ತಡವಾಯಿತು. ನಮ್ಮ ಯಜಮಾನರು, “ಇನ್ನು ಹೇಗೆ ಕಟ್ತೀಯೋ ನೋಡ್ತೀನಿ” ಎನ್ನುತ್ತ ನನ್ನ ಬಲ ಹೆಬ್ಬೆರಳನ್ನು ಕಟ್ಟುವಾಗ ಗಾಳವನ್ನು ಅಲುಗದಂತೆ ಹಿಡಿಸುವ ತಿರುಪಿನ ಇಕ್ಕಳಕ್ಕೆ ಸಿಕ್ಕಿಸಿ ತಿರುಪು ಬಿಗಿದರು. ಮೂಳೆ ಲಟಕ್ಕೆಂದಿತು. ಎಡಗೈಗೆ ಹತ್ತನೆಯ ಗಾಳ ಸಿಕ್ಕಿತು. ಅವರ ಕೆನ್ನೆಗೆ ಚುಚ್ಚಿ ಎಳೆದೆ. ತುಟಿಯವರೆಗೂ ಹರಿಯಿತು.

ಬೇಗ ಬಾ. ಆ ಮುಳ್ಳನ್ನು ಒತ್ತಲು ಮರೆತಿದ್ದೆ ಎಂದು ಪೊಲೀಸರಿಗೆ ಹೇಳಿದ್ದೇನೆ. ಕೇಳಿದರೆ ನೀನೂ ಹೌದೆನ್ನು. ನಾನು ಎಂದೂ ಮರೆತವಳಲ್ಲ ಎಂದು ಮಾತ್ರ ಬಾಯಿಬಿಡಬೇಡ.

ನಿನ್ನ ತಂಗಿ